ಜಾಡಿಯ ಮೇಲಿನ ಹಿತ್ತಾಳೆ

ಇಟಲಿ ಯುದ್ಧಕ್ಕಿಳಿದ ದಿನ ಬ್ಯುನೋಸ್ ಐರಿಸ್ ಬಂದರಿನಲ್ಲಿ ಸಿಕ್ಕಿಬಿದ್ದ ಸರಕು ಹಡಗು ‘ಸಾಂತಾ ಜೀತಾ’ ಹದಿನಾಲ್ಕು ತಿಂಗಳಿಂದ ಗೂಟಕ್ಕೆ ಕಟ್ಟಿದ ದನದಂತೆ ನಿಂತಿತ್ತು. ಯಾರ ಪಕ್ಷಕ್ಕೂ ಸೇರದ ಅರ್ಜೆಂಟೀನಾಕ್ಕೆ ಹಡಗುಗಳ ಬರ, ಕೊಳ್ಳಲು ತುದಿಗಾಲಲ್ಲಿತ್ತು. ಆದರೆ ಶತ್ರುವಿನ ಹಡಗು ಹೀಗೆ ಕೈ ಬದಲಾಯಿಸಲು ಇಂಗ್ಲೆಂಡ್ ಒಪ್ಪದಿದ್ದರೆ, ಕಡಲಿಗಿಳಿದ ಮರುದಿನವೇ ಅವರ ನೌಕಾಪಡೆ ಅದನ್ನು ಹಿಡಿದುಕೊಂಡು ಹೋಗುತ್ತಿತ್ತು. ದೊಡ್ಡವರೆಲ್ಲ ಆರು ತಿಂಗಳು ಕಾಗದ ಗೀಚಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಸಹಿಯಾದ ಮೇಲೆ ಇಟಲಿಯವನೊಬ್ಬನೂ ಹಡಗು ಹತ್ತಬಾರದು. ಸಹಿಗೆ ಮುಂಚೆ ಇಂಗ್ಲಿಷರ ತಜ್ಞ ಎಂಜಿನ್ ಓಡುವುದನ್ನು ಕಣ್ಣಾರೆ ನೋಡಬೇಕು. ಸಿಬ್ಬಂದಿ ಬೇಕೆಂದೇ ಅದನ್ನು ಬಿಚ್ಚಿದ್ದೋ ಕೆಡಿಸಿದ್ದೋ ಕಂಡರೆ ಒಪ್ಪಿಗೆ ಇಲ್ಲ.

ಇದನ್ನು ಕೇಳಿ ಮುಖ್ಯ ಎಂಜಿನಿಯರ್ ಪ್ರೊಸ್ಪೆರೊ ಸ್ಕ್ಯಾಫಿನೊ ಪೇಚಿಗೆ ಸಿಕ್ಕಿದ. ಎಂಜಿನ್ ಒಡೆದುಹಾಕಿ ಎಂದು ಸ್ವದೇಶದಿಂದ ಗುಟ್ಟಾಗಿ ಆಜ್ಞೆ ಬಂದಿತ್ತು. ಒಡೆದಾಯಿತು ಎಂದು ಅವನು ಕಪ್ತಾನನಿಗೆ ಹೇಳಿಯೂ ಆಗಿತ್ತು. ಹಸಿ ಸುಳ್ಳು! ಇಪ್ಪತ್ತೆರಡು ವರ್ಷ ಎಣ್ಣೆ ಹಾಕಿ ಸಾಕಿದ್ದನ್ನು ಒಡೆಯಲು ಅವನಿಗೆ ಕೈ ಬಂದಿರಲಿಲ್ಲ. ಕವಾಟದ ಹಿತ್ತಾಳೆ ಮುಚ್ಚಳವೊಂದನ್ನು ಬಿಚ್ಚಿ, ತಾನು ಬಾಡಿಗೆಗಿದ್ದ ಮನೆಗೆ ತಂದಿದ್ದ. ಅದಿಲ್ಲದೆ ಎಂಜಿನ್ ಮಿಸುಕದು. ಮನೆಯೊಡತಿ ಕತಲಿನಾ, ಒಳ್ಳೇ ಭಾರವಿದೆಯೆಂದು, ಅದನ್ನು ಬಟ್ಟೆಯಲ್ಲಿ ಸುತ್ತಿ ಬದನೆಕಾಯಿ ಉಪ್ಪಿನಕಾಯಿ ಜಾಡಿಯೊಳಗೆ ಹೇರಿಟ್ಟಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಅದನ್ನೆತ್ತಿಕೊಂಡಾಗ ಅವಳು ಅಡ್ಡ ಬಂದಳು.

“ದೋನ್ ಪ್ರೊಸ್ಪೆರೊ, ಭಾರ ತೆಗೆದ್ರೆ ಬದನೆಕಾಯಿ ಮೇಲಕ್ಕೆ ತೇಲತ್ತೆ. ಕೆಟ್ಟೋದ್ರೆ ಅಷ್ಟೂ ನೀವೇ ತಿನ್ಬೇಕು, ನೋಡಿ!”

“ಹಡಗು ಕೆಡೋದಕ್ಕಿಂತ ಬದನೆಕಾಯಿ ಕೆಡೋದು ವಾಸಿ ಕಣಮ್ಮ.”

“ನಿಮ್ಮ ಕಪ್ತಾನಂಗೆ ಗೊತ್ತಾದ್ರೆ?”

“ದೇಶದ್ರೋಹಿ ಅಂತಾನೆ. ಅನ್ಲಿ. ನಮ್ಮ ಜೀತಾ ತುಕ್ಕು ಹಿಡಿದು ಸಾಯೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ.”

ಹತ್ತಕ್ಕೆ ಬರುತ್ತೇನೆಂದಿದ್ದ ತಜ್ಞ ಹೆಡ್ಲಿ ಒಂಬತ್ತಕ್ಕೇ ಬಂದುಬಿಟ್ಟ. ಪ್ರೊಸ್ಪೆರೊ ಎಂಜಿನ್ ಕೋಣೆಯಲ್ಲಿ ಮುಚ್ಚಳದ ಕೊನೆಯ ಬೋಲ್ಟು ಇನ್ನೂ ಬಿಗಿಯುತ್ತಿದ್ದ. ನರೆತ ಮೀಸೆಯ ಆ ಇಂಗ್ಲಿಷಿನವನು ಮುಚ್ಚಳದ ಹತ್ತಿರ ಬಗ್ಗಿ ಮೂಸಿದ.

“ಇದೇನ್ರೀ, ಎಂಜಿನ್ನಿಗೆ ಬೆಳ್ಳುಳ್ಳಿ ವಾಸನೆ?”

“ಉಪ್ಪಿನಕಾಯಿ ಜಾಡೀಲಿತ್ತು ಸಾರ್.”

“ಬಿಚ್ಚಿದ್ದು ಯಾರು?”

ಸುಳ್ಳು ಹೇಳಬಹುದಿತ್ತು. ಪ್ರೊಸ್ಪೆರೊಗೆ ಒಂದು ಸುಳ್ಳೇ ಸಾಕಾಗಿಹೋಗಿತ್ತು. “ನಾನೇ. ಒಡೀರಿ ಅಂತ ಹೇಳಿದ್ರು. ಮನಸ್ಸು ಬರ್ಲಿಲ್ಲ, ಬಚ್ಚಿಟ್ಟೆ.”

ಹೆಡ್ಲಿ ಎಂಜಿನ್ನಿನ ಮೇಲಿದ್ದ, ಅದನ್ನು ತಯಾರಿಸಿದವರ ಫಲಕವನ್ನು ಕರ್ಚೀಫಿನಿಂದ ಒರೆಸಿದ. ಸಂಡರ್‌ಲ್ಯಾಂಡ್, ೧೯೧೨. ಹಡಗು ಇಟಲಿಗೆ ಬಂದದ್ದು ಆಮೇಲೆ, ಹಳೇ ಮಾಲಾಗಿ.

“ನಮ್ಮೂರು,” ಎಂದ. “ಈ ಎಂಜಿನ್ ಮಾಡಿದ ಶೆಡ್ಡಲ್ಲೇ ನಮ್ಮಪ್ಪ ದುಡಿದಿದ್ದು. ಮೊನ್ನೆ ಬಾಂಬ್ ಬಿದ್ದು ಆ ಶೆಡ್ಡೇ ಹೋಯ್ತು. ಇದು ಉಳ್ಕೊಂಡಿದೆ, ನಿಮ್ಮಿಂದ. ಓಡ್ಸಿ, ನೋಡೋಣ.”

ಎಂಜಿನ್ ಕೆಮ್ಮಿತು, ನರಳಿತು, ಆಮೇಲೆ ಹದಕ್ಕೆ ಬಂದು ಓಡಿತು. ಹೆಡ್ಲಿ ವರದಿಯಲ್ಲಿ ಒಂದೇ ಸಾಲು ಬರೆದ: ಎಂಜಿನ್ ಸುಸ್ಥಿತಿಯಲ್ಲಿದೆ.

ಸಹಿಯಾಯಿತು. ಅರ್ಜೆಂಟೀನಾದ ಹೊಸ ಎಂಜಿನಿಯರ್ ಬಂದ, ಎಂಜಿನ್ನಿನ ಹಟಮಾರಿತನಕ್ಕೆ ಸುಸ್ತಾದ. ಒಪ್ಪಂದದಂತೆ ಪ್ರೊಸ್ಪೆರೊ ಹಡಗಿನ ಮೇಲೆ ಹೋಗುವಂತಿಲ್ಲ. ಹಡಗು ನಿಂತ ದಕ್ಕೆಯಿಂದಲೇ ಕೂಗಿ ಹೇಳಿಕೊಡಲು ಹೊರಟಾಗ ತಡೆದ ಕಾವಲಿನವರನ್ನು ಸುಮ್ಮನಾಗಿಸಿದ್ದು ಹೆಡ್ಲಿಯೇ. “ಹತ್ತಬಾರದು ಅಂತ ಬರೆದಿದೆ, ಕೂಗಬಾರದು ಅಂತ ಎಲ್ಲಿದೆ?” ಕತಲಿನಾ ಮನೆಯಿಂದ ಕುರ್ಚಿ ತಂದು ಹಾಕಿದಳು. ಎರಡು ವಾರ ಪ್ರೊಸ್ಪೆರೊ ದಕ್ಕೆಯ ಮೇಲೆ ಕೂತು ಗಂಟಲು ಹರಿಯುವಂತೆ ಪಾಠ ಹೇಳಿದ.

ಹಡಗು ಹೊಸ ಹೆಸರು ಹೊತ್ತು ಹೊರಟ ಮಧ್ಯಾಹ್ನ ಹೆಡ್ಲಿ ಬಟ್ಟೆ ಸುತ್ತಿದ ಗಂಟೊಂದನ್ನು ಪ್ರೊಸ್ಪೆರೊನ ಕೈಗಿಟ್ಟ. ಒಳಗೆ ಹಿತ್ತಾಳೆಯ ನಾಮಫಲಕ: ಸಾಂತಾ ಜೀತಾ.

“ಇದನ್ನ ಬಿಸಾಡೋದ್ರಲ್ಲಿದ್ರು. ನಿಮ್ಮ ಮನೆಯಮ್ಮನ ಜಾಡಿಗೆ ಭಾರ ಬೇಕಲ್ಲ?”

ಕಡಲಿನಲ್ಲಿ ಇಬ್ಬರ ಜನವೂ ಒಬ್ಬರನ್ನೊಬ್ಬರು ಮುಳುಗಿಸುತ್ತಿದ್ದ ಕಾಲ. ಪ್ರೊಸ್ಪೆರೊ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ಉಪಕಾರವಾಯಿತು ಎಂದ. ಈ ಜನ್ಮದಲ್ಲಿ ಯಾರಿಗಾದರೂ ಋಣಿಯಾಗಿದ್ದರೆ ಅದು ಈ ಶತ್ರುವಿಗೇ ಎನ್ನಿಸಿತು.

ಕತಲಿನಾ ಫಲಕವನ್ನು ತೊಳೆದು ಜಾಡಿಯ ಬಾಯಿಯ ಮೇಲಿಟ್ಟು ನೋಡಿದಳು. “ಇದನ್ನೂ ಒಂದಿನ ಎತ್ಕೊಂಡೋಗ್ತೀರೇನೋ?”

“ಇಲ್ಲಮ್ಮ, ಇದು ಇಲ್ಲೇ ಇರತ್ತೆ. ನಾನೂ,” ಎಂದ ಪ್ರೊಸ್ಪೆರೊ. “ಆ ಇಂಗ್ಲಿಷಿನವರಿಗೂ ಒಂದು ಜಾಡಿ ಹಾಕಮ್ಮ. ಬೆಳ್ಳುಳ್ಳಿ ಜಾಸ್ತಿ ಇರ್ಲಿ.”