ಮುಚ್ಚಿದ ತೂಬು

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಕೆರೆ ತುಂಬಿದ ಸುದ್ದಿ ಬಂದ ಕೂಡಲೇ ಶಾರದವ್ವ ಖಣ, ತೆಂಗಿನಕಾಯಿ, ಹಸಿರು ಬಳೆ, ಅಕ್ಕಿಯನ್ನು ಮೊರದಲ್ಲಿಟ್ಟುಕೊಂಡು ಕೆರೆಯ ಗಂಗವ್ವನಿಗೆ ಉಡಿ ತುಂಬಲು ಹೊರಟಳು. ಓಣಿಯ ಸಾವಂತ್ರೆವ್ವನೂ ಜೊತೆಯಾದಳು.

ಕೆರೆ ಊರಿನದಲ್ಲ. ದುಮ್ಮವಾಡದ ಆಚೆಯ ಹಳ್ಳಕ್ಕೆ ಕೃಷ್ಣಾಜಿ ಸಾಹುಕಾರರು ಸ್ವಂತ ಜಮೀನಿನಲ್ಲಿ ಮಣ್ಣಿನ ಏರಿ ಹಾಕಿಸಿದ್ದರು. ಏರಿಯ ನಡುವೆ ತುಂಬಲು, ನೀರು ಜಿನುಗಗೊಡದ ಜಿಗಟು ಕರಿಮಣ್ಣು ಬೇಕಿತ್ತು. ಅದಿದ್ದದ್ದು ಏರಿಯ ಕೆಳಗೆ, ತವರಿನವರು ಶಾರದವ್ವನಿಗೆ ಕೊಟ್ಟ ಹೊಲದಲ್ಲಿ.

"ಮಣ್ಣು ಕೊಡವಾ. ನಿನ್ನ ಹೊಲಕ್ಕ ತೂಬು ಇಡಸ್ತೀನಿ, ವರ್ಷಕ್ಕ ಎರಡು ಬೆಳಿ ತಗಿ" ಎಂದಿದ್ದರು ಸಾಹುಕಾರರು.

ಅವಳು ಒಪ್ಪಿರಲಿಲ್ಲ. ಗಂಡ ಈರಬಸಪ್ಪ ನೆಲ ಮುಟ್ಟಿ, "ತೂಬಿಗೆ ನಾ ಜವಾಬ್ದಾರ" ಅಂದಮೇಲೆ ಒಪ್ಪಿದಳು. ಬೇಸಿಗೆ ಪೂರ್ತಿ ಬಂಡಿಗಳು ಅವಳ ಹೊಲವನ್ನು ಹೊತ್ತೊಯ್ದವು. ಎತ್ತುಗಳಿಂದ ತುಳಿಸಿ ಹದ ಮಾಡಿದ ಮಣ್ಣು ಏರಿಯ ಹೊಟ್ಟೆ ಸೇರಿತು. ಹೊಲದಲ್ಲಿ ಬರೀ ಗರಸುಕಲ್ಲು ಉಳಿಯಿತು. ಕೆರೆಯ ನೀರು ಹರಿಯದಿದ್ದರೆ ಅಲ್ಲಿ ಹುಲ್ಲೂ ಏಳುವಂತಿರಲಿಲ್ಲ.

ಏರಿಯ ಸುತ್ತ ಈಗ ಮುಳ್ಳುತಂತಿ. ನೀರಿನ ಮೇಲೆ ನೀಲಿ ದೋಣಿ. ಅದರಲ್ಲಿ ಛತ್ರಿ ಹಿಡಿದ ಹುಬ್ಬಳ್ಳಿಯ ಹೆಂಗಸರು, ಹಾಡುವ ಟ್ರಾನ್ಸಿಸ್ಟರ್. ಗೇಟಿನಲ್ಲಿ ಖಾಕಿ ಕೋಟು ತೊಟ್ಟು ನಿಂತಿದ್ದವನು ಈರಬಸಪ್ಪ. ಬೆಳಿಗ್ಗೆ ಸಂತೆಗೆಂದು ಹೇಳಿ ಮನೆ ಬಿಟ್ಟಿದ್ದ.

"ಇದೇನ್ರಿ ವೇಷ?"

"ಇವತ್ತಿಂದ ಕಾವಲಿಗೆ ಇಟ್ಕೊಂಡಾರ. ಒಳಗ ಬರಬ್ಯಾಡ್ರಿ, ಸಾವ್ಕಾರ್ರ ಬೀಗರು ದೋಣ್ಯಾಗ ಅದಾರ."

"ಅಯ್ಯ, ಕೋಟು ಅಗದಿ ಒಪ್ಪೇತಿ ಬಿಡಪಾ" ಎಂದು ಸಾವಂತ್ರೆವ್ವ ನಕ್ಕಳು. "ಫೌಜದಾರ ಆಗಿಬಿಟ್ಟಿ!"

ಶಾರದವ್ವ ನಗಲಿಲ್ಲ. ಏರಿಯ ಬುಡದಲ್ಲಿ ಅವಳ ಹೊಲದ ಕಡೆ ಬಾಯಿ ತೆರೆದಿದ್ದ ತೂಬಿಗೆ ಕಲ್ಲು ಇಟ್ಟು ಮೆತ್ತಿದ್ದರು. ಸಿಮೆಂಟು ಇನ್ನೂ ಹಸಿಯಾಗಿತ್ತು.

"ಯಾರು ಮುಚ್ಚಿದ್ರು?"

"ನೀರು ಬಿಟ್ರ ದೋಣಿ ಕೆಸರಾಗ ಕೂಡತೈತಿ ಅಂದ್ರು."

"ಯಾರು ಮುಚ್ಚಿದ್ರು ಅಂತ ಕೇಳಿದೆ."

ಈರಬಸಪ್ಪ ಕೋಟಿನ ಗುಂಡಿ ತಿರುವಿದ. ಅವನ ಉಗುರುಗಳಲ್ಲಿ ಸಿಮೆಂಟು ಒಣಗಿತ್ತು. "ನಾನ ಮುಚ್ಚಿದೆ. ಒಲ್ಲೆ ಅಂದಿದ್ರ ಈ ನೌಕರಿ ಬ್ಯಾರೇದವ್ರಿಗೆ ಹೋಗತಿತ್ತು. ಹೊಲಾ ಹೆಂಗೂ ಹೋತು..."

"ಹೋಗಲಿಲ್ಲ. ನೀವು ಕೊಟ್ರಿ."

ಮೊರ ಹಿಡಿದುಕೊಂಡೇ ಅವಳು ಹಿಂತಿರುಗಿದಳು. ಉಡಿಯ ಕಾಯಿ ಒಡೆದು ಚಟ್ನಿ ಅರೆದಳು.

ಸಂಜೆ ಈರಬಸಪ್ಪ ಬಂದಾಗ ಹೊರಗಿನ ಕಟ್ಟೆಯ ಮೇಲೆ ತಾಟು ಇತ್ತು, ರೊಟ್ಟಿ, ಚಟ್ನಿ. ಅವನು ಹೊಸ್ತಿಲಿಗೆ ಕಾಲಿಟ್ಟ.

"ಅಲ್ಲೇ ಕೂಡ್ರಿ. ಕಾವಲುಗಾರ್ರು ಒಳಗ ಬಂದ್ರ ಬಾಗಿಲಾ ಯಾರು ಕಾಯಬೇಕು?"

ಅವನು ಕಾಲು ಹಿಂದೆ ತೆಗೆದ. ಶಾರದವ್ವ ಬಾಗಿಲು ಮುಂದೆ ಮಾಡಿ ಅಗಳಿ ಹಾಕಿದಳು.