ಹುಲ್ಲು ತುಂಬಿದ ಕರು

ನಮ್ಮ ಡೇರಿಯ ಐವತ್ತು ವರ್ಷದ ಚರಿತ್ರೆ ಅಂತ ಕಿರಿಮಗ ಶಿವಪ್ರಕಾಶ ಒಂದು ಫಿಲಂ ಮಾಡಿಸಿದ್ದಾನೆ. ಅದರಲ್ಲಿ ಬೇಗಂ ಬಜಾರಿನ ನಮ್ಮ ಹಿತ್ತಲಿದೆ, ಮೊದಲ ಎಮ್ಮೆಯಿದೆ, ಕರು ಮಾತ್ರ ಇಲ್ಲ. ಯಾವ ಮುಖ ಇಟ್ಟುಕೊಂಡು ತೋರಿಸಿಯಾರು!

ಆ ಎಮ್ಮೆಯ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಎಮ್ಮೆ ಹಾಲು ಬಿಡಲಿಲ್ಲ. ನಮ್ಮ ಯಜಮಾನರು ಹಣಮಂತರಾಯರು ಕರುವಿನ ಚರ್ಮ ಸುಲಿಸಿ, ಹುಲ್ಲು ತುಂಬಿ ಹೊಲಿಸಿ, ಎಮ್ಮೆಯ ಮುಂದೆ ನಿಲ್ಲಿಸಿದರು. ಅದು ನೆಕ್ಕುತ್ತಾ ನಿಂತಿತು, ಇವರು ಬಕೆಟ್ಟು ತುಂಬಿಸಿಕೊಂಡರು. ಅಬಿಡ್ಸ್‌ನ ಹೋಟೆಲುಗಳಿಗೆ ಹೋದ ನಮ್ಮ ಮೊದಲ ಹಾಲು ಅದೇ. ನಾನಾಗ ಹಿರಿಮಗ ಗುರುಶಾಂತನ ಬಾಣಂತಿ. ನೋಡಲಾರದೆ ಜಗಳಕ್ಕೆ ಬಿದ್ದೆ.

"ಎಮ್ಮಿ ದಡ್ಡ ಜಾತಿ, ಉಮಾ. ಅದಕ್ಕೇನ್ ತಿಳೀತೈತಿ?" ಅಂದಿದ್ದರು. ಎಮ್ಮೆ ಬತ್ತಿದ ದಿನ ಆ ಕರುವನ್ನು ತಿಪ್ಪೆಗೆ ಎಸೆಸಿದರು.

ಈಗ ಇವರಿಗೆ ಮರೆವು. ಗುರುಶಾಂತ ತೀರಿಕೊಂಡು ಎರಡು ವರ್ಷವಾದದ್ದೂ ನೆನಪಿಲ್ಲ. ಶಿವಪ್ರಕಾಶ ಡೇರಿಯನ್ನು ಮುಂಬೈ ಕಂಪನಿಗೆ ಮಾರಲು ಹೊರಟಾಗ ಇವರದು ಒಂದೇ ಹಟ: "ಗುರುಶಾಂತ ಬಂದು ಹೂಂ ಅನ್ಲಿ, ಸಹಿ ಹಾಕ್ತೀನಿ."

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಆ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಡ್ರೈವರ್ ಚನ್ನುವಿಗೆ ಗುರುಶಾಂತನ ನೀಲಿ ಅಂಗಿ ತೊಡಿಸಿ ಕರೆತಂದ. ಅದೇ ಎತ್ತರ, ಅದೇ ನರೆತ ಮೀಸೆ.

"ಹೇಸಿಗಿ ಅನ್ಸಂಗಿಲ್ಲೇನೋ ನಿನಗ?" ಎಂದು ಬಾಗಿಲಿಗೆ ಅಡ್ಡ ನಿಂತೆ.

"ಸುಮ್ನಿರವ್ವ. ಅಪ್ಪಗೂ ಖುಷಿ ಆಗ್ತೈತಿ" ಎಂದು ನಗುತ್ತಲೇ ನನ್ನನ್ನು ಸರಿಸಿದ.

"ಅಪ್ಪಾ, ಸಹಿ ಹಾಕ್ರಿ" ಅಂದ ಚನ್ನು, ನೆಲ ನೋಡುತ್ತಾ. ಇವರು ಅವನನ್ನು ಹತ್ತಿರ ಎಳೆದುಕೊಂಡರು. ಅಂಗಿಯ ತೋಳು ಸವರಿದರು, ಕೊರಳಿಗೆ ಮುಖ ಒತ್ತಿ ಮೂಸಿದರು. ಆಮೇಲೆ ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಮಗ ಕಾಗದ ಎತ್ತಿಕೊಂಡು ಚನ್ನುವಿನೊಡನೆ ಹೊರಟೇಬಿಟ್ಟ.

ನನಗೆ ತಡೆಯಲಾಗಲಿಲ್ಲ. "ಅವಾ ನಮ್ಮ ಗುರುಶಾಂತ ಅಲ್ರೀ" ಅಂದುಬಿಟ್ಟೆ.

"ಗೊತ್ತೈತಿ. ಬೀಡಿ ವಾಸನಿ ಬಂತು" ಅಂದರು. "ಎಮ್ಮಿಗೂ ಗೊತ್ತಿತ್ತು, ಉಮಾ." ನನ್ನ ಕೈ ಹಿಡಿದುಕೊಂಡರು. "ನಾಳೆನೂ ಬರಾಕ ಹೇಳು ಅವಗ."

ಅಯ್ಯೋ, ಸುಡುಗಾಡು ಜನ್ಮವೇ! ಮರುದಿನ ಇವರು ಬೆಳಿಗ್ಗೆಯೇ ಗಡ್ಡ ಹೆರೆಸಿಕೊಂಡು, ಕುರ್ಚಿಯನ್ನು ಬಾಗಿಲಿಗೆ ಎಳೆಸಿ ಕೂತರು. ನಾನು ಮಾನ ಬಿಟ್ಟು ಶಿವಪ್ರಕಾಶನಿಗೆ ಫೋನ್ ಮಾಡಿದೆ. ಚನ್ನುವನ್ನು ಒಂದು ಗಳಿಗೆ ಕಳಿಸಪ್ಪ, ಅಂಗಿ ತೊಟ್ಟು ಬರಲಿ ಎಂದು ಬೇಡಿಕೊಂಡೆ.

"ಸಹಿ ಆತಲ್ಲವ್ವ, ಇನ್ನ್ಯಾಕ ಅವಾ?" ಅಂದ. "ನಿನ್ನೆನ ಕೆಲಸ ಬಿಡಿಸಿ ಕಳಿಸೀನಿ."