ಹತ್ತಕ್ಕೆ ಎರಡು

ಮೇಷ್ಟ್ರ ಎದೆಯನ್ನು ಪಕ್ಕೆಲುಬುಗಳ ನಡುವೆ ಸೀಳಿ, ಶ್ವಾಸಕೋಶದ ಕೆಟ್ಟ ಭಾಗವನ್ನು ತೆಗೆದು, ಮತ್ತೆ ಹೊಲಿದಿದ್ದರು. ಬ್ಯಾಂಡೇಜು ಬದಲಿಸುವಾಗ ಅವರ ಹೆಂಡತಿ ಬಗ್ಗಿ ಆ ಹೊಲಿಗೆಯನ್ನು ನೋಡಿದಳು. ಬೀದಿಯವರಿಗೆಲ್ಲ ಆಕೆ ಟೈಲರಮ್ಮ. "ಪರವಾಗಿಲ್ಲ, ತುದೀಲಿ ಸ್ವಲ್ಪ ಸುಕ್ಕು ಬಿದ್ದಿದೆ" ಅಂದಳು. ನರ್ಸ್ ನಕ್ಕಳು. ಮೇಷ್ಟ್ರು ನಗಲಿಲ್ಲ. ನಕ್ಕರೆ ಎದೆ ಬಿರಿಯುತ್ತಿತ್ತು. ಆದರೆ ಹಾಗಂತ ಹೇಳುವ ಜಾತಿಯಲ್ಲ ಆ ಮನುಷ್ಯ.

ಆಪರೇಷನ್ನಿಗೆ ಮುಂಚೆಯೇ ಅರಿವಳಿಕೆ ಡಾಕ್ಟರಮ್ಮ ಬಂದು ಎಲ್ಲ ವಿವರಿಸಿದ್ದರು. "ಅಫೀಮಿನ ಕುಲದ ಎರಡು ನೋವಿನ ಔಷಧಿ ಇವೆ. ಒಂದು ಮಾರ್ಫಿನ್, ಇನ್ನೊಂದು ಫೆಂಟನಿಲ್. ಎದೆ ಆಪರೇಷನ್ ಆದವರಿಗೆ ಯಾವುದು ವಾಸಿ ಅಂತ ಹೋಲಿಸಿ ನೋಡ್ತಿದ್ದೀವಿ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ನೋವೆಷ್ಟು ಅಂತ ಹತ್ತಕ್ಕೆ ನಂಬರ್ ಕೊಟ್ಟರೆ ಸಾಕು."

ನಂಬರ್ ಕೊಡುವ ಕೆಲಸ ಅಂದಮೇಲೆ ಮೇಷ್ಟ್ರು ಬೇಡ ಅಂದಾರೆಯೇ? ತಕ್ಷಣ ಒಪ್ಪಿದರು.

ಮಂಚದ ಪಕ್ಕ ಒಂದು ಪಂಪು, ಅದರಿಂದ ಇಳಿಬಿದ್ದ ವೈರಿನ ತುದಿಯಲ್ಲಿ ಒಂದು ಗುಂಡಿ. ನೋವಾದಾಗ ಒತ್ತಿದರೆ ಅಳತೆಯಷ್ಟು ಔಷಧಿ ನರಕ್ಕೆ ಹೋಗುತ್ತದೆ. ನರ್ಸ್ ಟೈಲರಮ್ಮನಿಗೆ ಬೆರಳು ತೋರಿಸಿ ಹೇಳಿದ್ದಳು: "ಇದನ್ನ ಪೇಶೆಂಟೇ ಒತ್ತಬೇಕು. ಮನೆಯವರು ಅಯ್ಯೋ ಪಾಪ ಅಂತ ಒತ್ತಿದ್ರೆ, ಅವರು ನಿದ್ದೇಲೇ ಉಸಿರಾಡೋದು ಮರೀತಾರೆ."

ಪಕ್ಕದ ಮಂಚದಲ್ಲಿ ಒಬ್ಬ ಲಾರಿ ಡ್ರೈವರ್. ಅವನಿಗೂ ಅದೇ ಆಪರೇಷನ್, ಅಂಥದೇ ಪಂಪು.

"ಹತ್ತಕ್ಕೆ ಎಷ್ಟು?" ಡಾಕ್ಟರಮ್ಮ ಅವನನ್ನು ಕೇಳಿದರು.

"ಒಂಬತ್ತು ತಾಯಿ. ಅಲ್ಲ, ಹತ್ತೇ ಬರ್ಕೊಳ್ಳಿ. ಹನ್ನೊಂದಿದ್ರೆ ಅದನ್ನೂ ಬರ್ಕೊಳ್ಳಿ!" ಅಂದವನೇ ಗುಂಡಿ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ ದಿಂಬನ್ನು ಎದೆಗವುಚಿಕೊಂಡು ಮಂಚ ಅಲ್ಲಾಡುವಂತೆ ಕೆಮ್ಮಿದ. ಆಮೇಲೆ ಎದೆಯೊಳಗಿನ ನೀರು ಇಳಿಸಲು ಹಾಕಿದ್ದ ಕೊಳವೆಯ ಬಾಟಲಿಯನ್ನು ಕೈಯಲ್ಲಿ ಹಿಡಿದು ವರಾಂಡದಲ್ಲಿ ಓಡಾಡಿ ಬಂದ.

"ಗಂಡಸಾ ಅವನು?" ಅಂತ ಮೇಷ್ಟ್ರು ಹಲ್ಲಿನ ಸಂದಿಯಲ್ಲೇ ಅಂದರು. ತಮ್ಮ ಸರದಿ ಬಂದಾಗ ಹೇಳಿದರು: "ಎರಡು."

ಟೈಲರಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಜೀವಮಾನದಲ್ಲಿ ಯಾವ ಮಗುವಿಗೂ ಕೈಬಿಚ್ಚಿ ಅಂಕ ಕೊಟ್ಟವರಲ್ಲ, ನೋವಿಗೆ ಕೊಟ್ಟಾರೆಯೇ? ಹಣೆಯ ಮೇಲೆ ಬೆವರು, ಹಾಸಿಗೆ ಬಟ್ಟೆಯನ್ನು ಹಿಂಡುತ್ತಿದ್ದ ಬೆರಳು, ಬಾಯಲ್ಲಿ ಮಾತ್ರ ಎರಡು. ಇದೇ ಮಹಾನುಭಾವ, ಆಕೆಯ ಚೊಚ್ಚಲ ಹೆರಿಗೆಯಲ್ಲಿ ಬಾಗಿಲಾಚೆ ನಿಂತು, "ಅಷ್ಟೊಂದು ಕೂಗಬೇಕಾ? ಜನ ಏನಂದ್ಕೊಳಲ್ಲ?" ಅಂದಿದ್ದರು.

ಸಾಲದ್ದಕ್ಕೆ ಮೈದುನ ಬಂದ. ವಿಮಾ ಕಚೇರಿಯಲ್ಲಿ ಕೂತು ಕೂತು ಜಗತ್ತಿನ ಸಕಲ ರೋಗಕ್ಕೂ ತಾನೇ ವೈದ್ಯ ಅನ್ನಿಸಿಬಿಟ್ಟಿತ್ತು ಅವನಿಗೆ.

"ಅಣ್ಣಾ, ಅದನ್ನ ಮುಟ್ಬೇಡ. ಅಫೀಮು ಅದು. ಒಂದ್ಸಲ ರುಚಿ ಹತ್ತಿದ್ರೆ ಮುಗೀತು, ಬೀದಿಗೆ ಬರ್ತೀಯ. ನಾನು ದವಡೆ ಹಲ್ಲು ಕೀಳಿಸ್ಕೊಂಡಾಗ ಇಂಜೆಕ್ಷನ್ನೇ ಬೇಡ ಅಂದೆ."

ಲಸಿಕೆಯ ಸೂಜಿ ಕಂಡೇ ಧೊಪ್ಪನೆ ಬಿದ್ದು, ನಾಲ್ಕು ಜನ ಎತ್ತಿ ತಂದ ಆಸಾಮಿ ಇವನು. ಟೈಲರಮ್ಮ ಅದನ್ನು ನೆನಪಿಸಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಗುಂಡಿಯನ್ನು ದಿಂಬಿನಡಿಗೆ ತಳ್ಳಿಬಿಟ್ಟರು.

"ರೀ, ನೋವು ಅಂತ ಕೆಮ್ಮದೇ ಇದ್ರೆ ಕಫ ಕಟ್ಟುತ್ತಂತೆ."

"ಕೆಮ್ಮು ಬಂದ್ರೆ ತಾನೇ ಕೆಮ್ಮೋದು? ನೀನು ಸುಮ್ನಿರು."

ಮರುದಿನ ಬೆಳಿಗ್ಗೆ ಮೈ ಸುಡುತ್ತಿತ್ತು. ಉಸಿರು ಅರ್ಧಕ್ಕೇ ತಿರುಗಿ ಬರುತ್ತಿತ್ತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗ ಕುಸಿದು ಬೆಳ್ಳಗೆ ಕಂಡಿತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಪಂಪನ್ನು ನೋಡಿದರು.

"ನೀವು ಗುಂಡಿ ಒತ್ತೇ ಇಲ್ಲ. ನೋವೇ ಇಲ್ವಾ?"

"ಎರಡು" ಅಂದರು ಮೇಷ್ಟ್ರು.

ಟೈಲರಮ್ಮನಿಗೆ ಪಿತ್ತ ನೆತ್ತಿಗೇರಿತು. "ಡಾಕ್ಟ್ರೇ, ಇವರ ಎರಡನ್ನ ಲೆಕ್ಕಕ್ಕೆ ಹಿಡಿದ್ರೆ, ಮೈಗೇ ಹೋಗದ ನಿಮ್ಮ ಔಷಧಿ ಚಿನ್ನದ ಪದಕ ಹೊಡ್ಕೊಳ್ಳುತ್ತೆ. ಹೋಲಿಸೋಕೆ ನಿಮಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಮಲಗಿರುವಾಗ ಕೊಡೋ ನಂಬರ್ ನಂಬೋಕಾಗಲ್ಲ" ಅಂದರು ಡಾಕ್ಟರಮ್ಮ. "ಒಂದ್ಸಲ ಕೆಮ್ಮಿ, ನೋಡೋಣ."

ಮೇಷ್ಟ್ರು ಬಾಯಿ ತೆರೆದರು. ಗಂಟಲಿನಿಂದ 'ಹ್ಞ' ಎಂಬ ಸದ್ದು ಹೊರಟು ಅಲ್ಲೇ ಸತ್ತಿತು. ಕಣ್ಣಿಂದ ನೀರಿಳಿಯಿತು.

"ಈಗೆಷ್ಟು?"

"ಮೂರು."

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ.

"ಹೀಗೇ ಆದ್ರೆ ಗಂಟಲಿಗೆ ಕೊಳವೆ ಇಳಿಸಿ ಕಫ ಎಳೀಬೇಕಾಗುತ್ತೆ" ಅಂತ ಡಾಕ್ಟರಮ್ಮ ಹೇಳಿದರು. ಟೈಲರಮ್ಮ ದಿಂಬಿನಡಿ ಕೈಹಾಕಿ ಗುಂಡಿಯನ್ನು ಎಳೆದು ಗಂಡನ ಅಂಗೈಯಲ್ಲಿಟ್ಟಳು.

"ಮದುವೆಯಾದಾಗಿನಿಂದ ನಿಮ್ಮ ಷರ್ಟಿನ ಗುಂಡೀನೆಲ್ಲ ನಾನೇ ಹಾಕಿದ್ದೀನಿ. ಈ ಗುಂಡಿ ಮಾತ್ರ ನಾನು ಮುಟ್ಟೋ ಹಾಗಿಲ್ಲ. ಒತ್ತಿ. ಇಲ್ಲಾಂದ್ರೆ ನಿಮ್ಮ ತಮ್ಮನ್ನ ಕರೆಸ್ತೀನಿ, ನಿಮ್ಮ ಪರವಾಗಿ ಅವನೇ ಕೆಮ್ಮಲಿ."

ಪಕ್ಕದ ಮಂಚದ ಡ್ರೈವರ್ ಕಿಸಕ್ಕನೆ ನಕ್ಕು, "ಅಯ್ಯಯ್ಯೋ ಎದೆ!" ಅಂತ ಹಿಡಿದುಕೊಂಡ.

ಮೇಷ್ಟ್ರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಕೆ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಮೇಷ್ಟ್ರ ಹೆಬ್ಬೆರಳು ಗುಂಡಿ ಒತ್ತಿತು. ಡಾಕ್ಟರಮ್ಮ ಪಕ್ಕದಲ್ಲೇ ಕೂತು ಉಸಿರನ್ನು ಗಮನಿಸಿದರು. ತಡೆದು ತಡೆದು ಮತ್ತೆ ಒತ್ತಿಸಿದರು. ಮುಷ್ಟಿ ಸಡಿಲವಾಯಿತು. ದಿಂಬನ್ನು ಅಪ್ಪಿಕೊಂಡು ಮೇಷ್ಟ್ರು ಕೆಮ್ಮಿದರು. ಅಂಟು ಅಂಟಾದ ಹಳದಿ ಗಡ್ಡೆಯೊಂದು ಬಟ್ಟಲಿಗೆ ಬಿತ್ತು.

"ಎಷ್ಟು?"

ಮೇಷ್ಟ್ರು ಗೋಡೆಯ ಕಡೆಗೆ ಮುಖ ತಿರುಗಿಸಿದರು. "ಮೊದ್ಲು ಒಂಬತ್ತಿತ್ತು" ಅಂದರು. "ಈಗ ಐದು."

ಟೈಲರಮ್ಮ ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂತಳು. ಗೆದ್ದೆ ಅಂತ ಅನ್ನಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಹಾಳು ಮನುಷ್ಯ, ಬದುಕಿಕೊಂಡ" ಅಂದುಕೊಂಡಳು.

ಔಷಧಿಯೂ ಪುಕ್ಕಟೆ ಉಪಕಾರ ಮಾಡಲಿಲ್ಲ. ವಾಂತಿ ಮಾಡಿಸಿತು, ಮೈಯೆಲ್ಲ ಕೆರೆಸಿತು. ಆದರೆ ಜ್ವರ ಇಳಿಯಿತು. ಮೇಷ್ಟ್ರು ಗೊಣಗುತ್ತ ನಡೆದಾಡಿದರು, ಗೊಣಗುತ್ತಲೇ ಮನೆಗೆ ಬಂದರು. ಆಸ್ಪತ್ರೆಯಿಂದ ಬಿಡುವ ದಿನ, "ಎರಡು ಔಷಧೀಲಿ ಯಾವುದು ಫಸ್ಟು?" ಎಂದು ವಿಚಾರಿಸಿದ್ದರು. "ಇನ್ನೂ ನೋಡ್ತಿದ್ದೀವಿ. ನಿಜ ಹೇಳೋ ಪೇಶೆಂಟ್‌ಗಳು ಸಿಕ್ರೆ ಬೇಗ ಗೊತ್ತಾಗುತ್ತೆ" ಅಂದಿದ್ದರು ಡಾಕ್ಟರಮ್ಮ.

ಮನೆಯಲ್ಲೀಗ ನೋಡಲು ಬಂದವರಿಗೆಲ್ಲ ಒಂದೇ ಕಥೆ. ಮೈದುನನೂ ಎದುರಿಗೆ ಕೂತು ತಲೆದೂಗುತ್ತಾನೆ.

"ಒಂಬತ್ತು ಕಣ್ರೀ, ಹತ್ತಕ್ಕೆ ಒಂಬತ್ತು!" ಮೇಷ್ಟ್ರು ಎದೆ ಸವರಿಕೊಳ್ಳುತ್ತಾರೆ. "ಆ ಡ್ರೈವರಿಗೆ ಇದ್ದಿದ್ದು ಬರೀ ಪುಟಗೋಸಿ ನೋವು. ನಂದು ಅಸಲಿ. ಬೇರೆ ಯಾರಾದ್ರೂ ಆಗಿದ್ರೆ ಹೋಗೇಬಿಡ್ತಿದ್ರು."

"ಕಾಫಿ ಕುಡೀರಿ" ಅನ್ನುತ್ತಾಳೆ ಟೈಲರಮ್ಮ ಬಂದವರಿಗೆ. "ಈ ಕಥೆ ಮುಗಿಯೋ ಹೊತ್ತಿಗೆ ಆರಿ ಹೋಗುತ್ತೆ."